ಚೀಲ ಹೊರುವವನಿಗೆ ಧಣಿ ಯಾರು?

ಭತ್ತದ ಸುಗ್ಗಿ ಬಂತೆಂದರೆ ಗಂಗಾವತಿ, ಸಿಂಧನೂರು ಕಡೆ ಲೆಕ್ಕವೆಲ್ಲ 75 ಕಿಲೋ ಚೀಲದ್ದೇ. ಧಾರಣೆ ಚೀಲಕ್ಕಿಷ್ಟು, ಗದ್ದೆ ಗುತ್ತಿಗೆಯೂ ಎಕರೆಗಿಷ್ಟು ಚೀಲ. ಆ ಚೀಲ ಬೆನ್ನಿಗೇರಿಸುವ ಹಮಾಲನ ಲೆಕ್ಕ ಮಾತ್ರ ಯಾರ ಖಾತೆ ಪುಸ್ತಕದಲ್ಲೂ ಇಲ್ಲ. ನೂರು ಚೀಲ ಹೊತ್ತರೆ ಏಳೂವರೆ ಟನ್ ಆಯಿತು. ಅದೂ ಲಾರಿಗೆ ಒರಗಿಸಿದ, ಅಲುಗಾಡುವ ಹಲಗೆಯ ಮೇಲೆ.

ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಸಿಮೆಂಟು, ಸಕ್ಕರೆ 50 ಕಿಲೋ ಚೀಲದಲ್ಲಿ ಬರುತ್ತವೆ. ಮಿಲ್ಲಿನಿಂದ ಅಂಗಡಿಗೆ ಅಕ್ಕಿ ಬರೋದು 25-26 ಕಿಲೋ ಚೀಲದಲ್ಲಿ. ಅದೇ ಮಿಲ್ಲಿಗೆ ಭತ್ತ ಒಳಗೆ ಹೋಗೋದು 75 ಕಿಲೋ! ಚೀಲ ಸಣ್ಣದಾದರೆ ಗೋಣಿ, ಹೊಲಿಗೆ ಖರ್ಚು ಜಾಸ್ತಿ ಅಂತಾರೆ ವರ್ತಕರು. ಸುಳ್ಳಲ್ಲ. ಚೀಲದ ಲೆಕ್ಕದ ಕೂಲಿಯಾದ್ದರಿಂದ ದರ ಇಳಿದೀತು ಅನ್ನೋ ಅಂಜಿಕೆ ಹಮಾಲರಿಗೂ ಉಂಟು.

ಕಾಲು ಜಾರಿ ಬಿದ್ದರೆ ನಾಲ್ಕು ಜನಕ್ಕೆ ಕಾಣುತ್ತೆ. ಸೊಂಟ, ಮಂಡಿ, ಕುತ್ತಿಗೆ ಸವೆಯೋದು ಕಾಣಲ್ಲ. ದೂಳು ಎದೆ ಸೇರೋದೂ ಹಾಗೇ. ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರೂ ಸೇರಿದ್ದಾರೆ. ನೋಂದಾಯಿತ ಹಮಾಲ ಅಪಘಾತದಲ್ಲಿ ಸತ್ತರೆ ಮನೆಯವರಿಗೆ 1 ಲಕ್ಷ ರೂಪಾಯಿ. ಆದರೆ ಇಪ್ಪತ್ತು ವರ್ಷ ಚೀಲ ಹೊತ್ತವನ ಬೆನ್ನಿನ ಡಿಸ್ಕ್ ಜಾರಿದರೆ ಅದು ಯಾವ ದಿನದ ಅಪಘಾತ? ಅರ್ಜಿಯಲ್ಲಿ ಯಾವ ತಾರೀಖು ಬರೆಯೋದು?

ಪರಿಹಾರ ಕೊಡಬೇಕಾದವನು ಮಾಲೀಕ ಅನ್ನುತ್ತೆ ಕಾನೂನು. 1923ರ ಕಾಯ್ದೆ ಹೇಳಿದ್ದೂ ಅದನ್ನೇ, ಅದರ ಜಾಗಕ್ಕೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಹೇಳೋದೂ ಅದನ್ನೇ. ಹಮಾಲನ ಮಾಲೀಕ ಯಾರಪ್ಪ? ಲೈಸೆನ್ಸ್ ಕೊಡೋದು ಎಪಿಎಂಸಿ, ಕೂಗಿ ಕರೆಯೋದು ದಲಾಲಿ ಅಂಗಡಿ. ಕೂಲಿ ಒಮ್ಮೆ ರೈತನ ಪಟ್ಟಿಯಿಂದ, ಒಮ್ಮೆ ಖರೀದಿದಾರನಿಂದ. ಬೆನ್ನು ಮುರಿದ ದಿನ ಎಲ್ಲರೂ ಒಬ್ಬರ ಕಡೆ ಇನ್ನೊಬ್ಬರು ಬೊಟ್ಟು ಮಾಡ್ತಾರೆ.

ಪಕ್ಕದ ಮಹಾರಾಷ್ಟ್ರ ಈ ಗಂಟು ಬಿಡಿಸಲು 1969ರಲ್ಲೇ ಮಾಥಾಡಿ ಕಾಯ್ದೆ ತಂದಿತು. ಅಲ್ಲಿ ಹಮಾಲನಷ್ಟೇ ಅಲ್ಲ, ವರ್ತಕನೂ ಮಂಡಳಿಯಲ್ಲಿ ಹೆಸರು ಬರೆಸಬೇಕು. ವರ್ತಕ ಕೂಲಿಯ ಜೊತೆಗೆ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾನೆ. ಭವಿಷ್ಯನಿಧಿ, ಗ್ರಾಚ್ಯುಟಿ, ಔಷಧೋಪಚಾರ ಅದರಿಂದ. ತಂಟೆ ತಕರಾರು ಅಲ್ಲೂ ಇವೆ, ಆದರೆ ಧಣಿಯನ್ನು ಹುಡುಕಿಕೊಂಡು ಅಲೆಯುವ ಪಾಡಿಲ್ಲ.

ಕರ್ನಾಟಕದಲ್ಲೂ ಚೀಲಕ್ಕಿಷ್ಟು ಅಂತ ಲೆವಿ ಹಾಕಿದರೆ ಕಿಲೋ ಅಕ್ಕಿಗೆ ಎಷ್ಟು ಪೈಸೆ ಏರೀತು? ಗಂಜಿನ ಯಾವ ಗುಮಾಸ್ತನಾದರೂ ಐದು ನಿಮಿಷದಲ್ಲಿ ಹೇಳಿಯಾನು.