ಗೊತ್ತಾಗದಂತೆ ಪುಡಿ ಬೆರೆಸಿದರೆ ಕುಡಿತ ಬಿಟ್ಟುಹೋಗುತ್ತದೆಯೇ? ಹಳ್ಳಿಗೆ ಬೇಕಾದ ಚಿಕಿತ್ಸೆ ಯಾವುದು?

"ಕುಡಿಯುವವರಿಗೆ ಗೊತ್ತಾಗದಂತೆ ಕಾಫಿಗೋ ಸಾರಿಗೋ ಬೆರೆಸಿ, ಕುಡಿತ ತಾನಾಗಿಯೇ ಬಿಟ್ಟುಹೋಗುತ್ತದೆ" ಎನ್ನುವ ಜಾಹೀರಾತುಗಳನ್ನು ನಾವೆಲ್ಲ ನೋಡಿದ್ದೇವೆ. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಂಥ ಊರಿನಲ್ಲಿ ಕೂಲಿ ಹಣವೆಲ್ಲ ಮದ್ಯದಂಗಡಿಗೆ ಹೋಗುವುದನ್ನು ಕಂಡು ಕಂಗೆಟ್ಟ ಹೆಂಡತಿಗೋ ತಾಯಿಗೋ ಈ ಮಾತು ಆಸೆ ಹುಟ್ಟಿಸುವುದು ಸಹಜ. ಆದರೆ ಇದು ನಿಜವೇ?

ಪುಡಿಯ ಅಪಾಯ

ಡೈಸಲ್ಫಿರಾಮ್ ಎಂಬ ಔಷಧಿ ನಿಜವಾಗಿಯೂ ಇದೆ. ಅದನ್ನು ತೆಗೆದುಕೊಂಡವರು ಮದ್ಯ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿತ ಹೆಚ್ಚುತ್ತದೆ. ರಕ್ತದೊತ್ತಡ ಕುಸಿದು ಪ್ರಾಣಕ್ಕೂ ಕುತ್ತು ಬರಬಹುದು. ಹಾಗಾಗಿ ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲೇ ಕೊಡಬೇಕು. ಇನ್ನು ಜಾಹೀರಾತಿನ ಪುಡಿಯಲ್ಲಿ ಏನಿದೆ ಎಂದು ಖರೀದಿಸುವವರಿಗೆ ತಿಳಿಯುವುದೇ ಇಲ್ಲ.

"ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು"

ಇದೂ ಪೂರ್ತಿ ಸರಿಯಲ್ಲ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೈನಡುಕ, ಗೊಂದಲ, ಇಲ್ಲದ್ದು ಕಾಣುವುದು ಶುರುವಾಗಬಹುದು. ಇದನ್ನೇ ಎಷ್ಟೋ ಮನೆಗಳಲ್ಲಿ "ಗಾಳಿ ಸೋಕಿದೆ" ಎಂದುಕೊಂಡು ತಾಯತ ಕಟ್ಟಿಸುತ್ತಾರೆ. ವಾಸ್ತವವಾಗಿ ಇದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ.

ಚಿಕಿತ್ಸೆ ಏಕೆ ತಲುಪುತ್ತಿಲ್ಲ?

2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯ ಸೇವನೆಯಿಂದ ತೊಂದರೆಗೊಳಗಾದ 100 ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಸಂಕೋಚ ಒಂದು ಕಾರಣವಾದರೆ ದೂರ ಇನ್ನೊಂದು. ಬೆಂಗಳೂರಿಗೆ ಹೋಗಿಬರಲು ಬಸ್ ಚಾರ್ಜ್ ಜೊತೆಗೆ ಇಬ್ಬರ ಒಂದು ದಿನದ ಕೂಲಿಯೂ ಹೋಗುತ್ತದೆ. ಚಿಕಿತ್ಸೆಯೋ ತಿಂಗಳುಗಟ್ಟಲೆ ನಡೆಯಬೇಕು.

ಹಳ್ಳಿಯಲ್ಲೇ ಸಾಧ್ಯವೇ?

ಸಾಧ್ಯ ಎಂದು ತೋರಿಸಿದ್ದು ಕರ್ನಾಟಕವೇ. 1970ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬೆಂಗಳೂರು ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಪ್ರಯೋಗ ನಡೆಸಲಾಯಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮುಂದೆ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಾಯಿತು.

ಆದರೆ ವೈದ್ಯರು ಬಂದುಹೋದರಷ್ಟೇ ಸಾಲದು. ಮುಂದಿನ ಭೇಟಿಯವರೆಗೂ ಹತ್ತಿರದಲ್ಲೇ ಮಾತ್ರೆ ಸಿಗಬೇಕು, ಬಾರದವರನ್ನು ಆಶಾ ಕಾರ್ಯಕರ್ತೆ ವಿಚಾರಿಸಬೇಕು. ಮನೆಯಲ್ಲಿ ತೆಲುಗು ಮಾತಾಡುವವರೂ ಇರುವ ಈ ಭಾಗದಲ್ಲಿ ಸಮಾಲೋಚನೆ ಅವರ ಭಾಷೆಯಲ್ಲೇ ನಡೆಯಬೇಕು.

ನಾವೇನು ಮಾಡಬಹುದು?

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ತೆಲುಗು ಎರಡರಲ್ಲೂ ಮಾತಾಡಬಹುದು. ವ್ಯಸನಮುಕ್ತಿಗೆಂದೇ 14446 ಇದೆ. ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕುಡಿತ ನಿಲ್ಲಿಸಿದವರಿಗೆ ಫಿಟ್ಸ್ ಅಥವಾ ಗೊಂದಲ ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ. ಬಿಟ್ಟವರು ಮತ್ತೆ ಕುಡಿದರೆ ಚಿಕಿತ್ಸೆ ವ್ಯರ್ಥವಾಯಿತೆಂದು ಅರ್ಥವಲ್ಲ. ಬಯ್ಯದೆ, ಮತ್ತೆ ವೈದ್ಯರ ಬಳಿ ಕರೆದೊಯ್ಯಿರಿ.