ಕಾವಲನ್ನು ಪಾಳು ಅಂದವರು ಯಾರು?

ಹೋದ ಬೇಸಿಗೆ ನಮ್ಮೂರ ಕಾವಲಿಗೆ ಜೆಸಿಬಿ ಬಂತು. ಸಾಲು ಸಾಲು ಗುಂಡಿ ತೋಡಿದರು. ಮಳೆ ಬಿದ್ದ ಮೇಲೆ ಅಕೇಶಿಯಾ ಸಸಿ ನೆಟ್ಟು ಸುತ್ತ ಟ್ರೆಂಚ್ ಹೊಡೆದರು. ಕುರಿ ಕಾಯುವ ಅಜ್ಜ "ಹುಲ್ಲಿನ ಮೇಲೇ ಯಾಕೆ ಸ್ವಾಮಿ ಗುಂಡಿ?" ಅಂತ ಕೇಳಿದ. "ಪಾಳು ಬಿದ್ದಿತ್ತಲ್ಲಜ್ಜ, ಕಾಡು ಮಾಡ್ತಾ ಇದೀವಿ" ಅಂದರು.

ನನ್ನ ತಕರಾರು ಆ ಮಾತಿನ ಮೇಲೆ. ಮರ ಇಲ್ಲದ ನೆಲವೆಲ್ಲ ಪಾಳಲ್ಲ.

ನಮ್ಮ ಕಾವಲುಗಳು ತಾವಾಗಿಯೇ ಉಳಿದ ಬಯಲಲ್ಲ. ಮೈಸೂರು ಅರಸರ 'ಬೆಣ್ಣೆ ಚಾವಡಿ' ಟಿಪ್ಪು ಕಾಲಕ್ಕೆ 'ಅಮೃತ ಮಹಲ್' ಆಯಿತು. ಹೈದರ್, ಟಿಪ್ಪು ಸೇನೆಯ ಫಿರಂಗಿ ಎಳೆದದ್ದು ಈ ಹುಲ್ಲು ತಿಂದ ಎತ್ತುಗಳೇ. ಮಳೆಗಾಲಕ್ಕೊಂದು ಕಾವಲು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಅಂತ ವಿಂಗಡಿಸಿ ದನ ಮೇಯಿಸುತ್ತಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರುತ್ತಿತ್ತು. ನಿರ್ವಹಣೆ ಅಂದರೆ ಇದು.

ಈಗ ಏನಾಗಿದೆ? ಚಳ್ಳಕೆರೆ ಕಡೆ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದಂಥ ಯೋಜನೆಗಳಿಗೆ ಹೋಯಿತು. ಗೋಡೆ ಎದ್ದ ಮೇಲೆಯೇ ಎಷ್ಟೋ ಹಳ್ಳಿಯವರಿಗೆ ವಿಷಯ ಗೊತ್ತಾದದ್ದು. ದೇಶಕ್ಕೆ ವಿಜ್ಞಾನ ಬೇಡ ಅಂತ ಯಾರೂ ಹೇಳಿಲ್ಲ. ಕುರಿ, ಕಂಬಳಿ ನಂಬಿದವರನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟೇ. ಪಾಳು ಅಂತ ಬರೆದುಬಿಟ್ಟರೆ ಕೇಳುವ ತಾಪತ್ರಯವೇ ಇಲ್ಲ.

ಸಸಿ ನೆಡುವುದೂ ಅದೇ ದಾರಿ. ಹುಲ್ಲಿಗೆ ಬಿಸಿಲು ಬೇಕು. ಅಕೇಶಿಯಾ ನೆರಳು ಕವಿದು, ತರಗೆಲೆ ದಪ್ಪಗೆ ಬಿದ್ದ ಕಡೆ ಹುಲ್ಲು ಏಳುವುದಿಲ್ಲ. ಆ ಎಲೆಯನ್ನು ಕುರಿ ಮೂಸುವುದೂ ಇಲ್ಲ. ದೂರದಿಂದಲೇ ತೋಳ ಕಂಡು ಓಡುವ ಕೃಷ್ಣಮೃಗಕ್ಕೆ ಬಯಲೇ ರಕ್ಷಣೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ದೂ ಸರ್ಕಾರವೇ. ಅಲ್ಲಿ ಬೆಲೆಬಾಳುವ ಹುಲ್ಲು ನಮ್ಮೂರಲ್ಲಿ ಪಾಳು ಹೇಗಾಗುತ್ತದೆ?

"ಅತಿಯಾಗಿ ಮೇಯಿಸಿ ನೀವೇ ಹಾಳು ಮಾಡಿದಿರಿ" ಅನ್ನುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ವರ್ಷಕ್ಕೆರಡು ಸಾಲು ನೇಗಿಲು ಒಳಗೆ ತಳ್ಳಿದವರು ನಮ್ಮಲ್ಲೇ ಇದ್ದಾರೆ, ಊರಿನ ಕಸ ತಂದು ಸುರಿಯುವವರೂ ಇದ್ದಾರೆ. ಆದರೆ ಅದಕ್ಕೆ ಮದ್ದು ಮೇವಿಗೆ ಸರದಿ ಹಾಕುವುದು, ಒತ್ತುವರಿ ತೆರವು ಮಾಡುವುದು. ಹುಲ್ಲನ್ನೇ ಅಗೆದು ಹಾಕುವುದಲ್ಲ.

ಕಾನೂನು ನಮ್ಮ ಕೈಯಲ್ಲೂ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೇಯಿಸುವ ಸಮುದಾಯದ ಹಕ್ಕಿಗೂ ಜಾಗವಿದೆ. ಊರೊಟ್ಟಿನ ಜಮೀನಿನ ಒತ್ತುವರಿ ತೆರವು ಮಾಡಿ ಅಂತ 2011ರಲ್ಲಿ ಸುಪ್ರೀಂ ಕೋರ್ಟೇ ಎಲ್ಲ ರಾಜ್ಯಗಳಿಗೆ ಹೇಳಿದೆ.

ಮುಂದಿನ ಗ್ರಾಮಸಭೆಯಲ್ಲಿ ಮೂರೇ ಪ್ರಶ್ನೆ ಕೇಳಿ. ನಮ್ಮ ಕಾವಲು ಪಹಣಿಯಲ್ಲಿ ಯಾವ ಹೆಸರಲ್ಲಿದೆ, ಎಷ್ಟು ಎಕರೆ ಉಳಿದಿದೆ? ನಮ್ಮ ಸಮಿತಿಯಲ್ಲಿ ಯಾರಿದ್ದಾರೆ, ಕುರಿ ಕಾಯುವವರು ಒಬ್ಬರಾದರೂ ಇದ್ದಾರಾ? ಸಸಿ ನೆಡುವ ಮುಂಚೆ ಯಾರನ್ನು ಕೇಳಿದಿರಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಅಜ್ಜ ಈಗ ಕುರಿ ಹೊಡೆದುಕೊಂಡು ರಸ್ತೆ ಬದಿಗೆ ಹೋಗುತ್ತಾನೆ. ಹೋದ ತಿಂಗಳು ಲಾರಿ ಬಡಿದು ಎರಡು ಮರಿ ಸತ್ತವು. ಟ್ರೆಂಚ್ ಆಚೆ ಸಸಿಗಳಲ್ಲಿ ಅರ್ಧ ಒಣಗಿವೆ.