ಗೂಗಲಿಗೆ ಸಿಗದಿದ್ದರೆ ಇಲ್ಲವೆಂದೇ?

ರಾಜ್ಯೋತ್ಸವದ ಭಾಷಣಸ್ಪರ್ಧೆಗೆ ಮಗಳಿಗೆ ವಿಷಯ ಹುಡುಕಲು ಕುಳಿತ ಮಿತ್ರರೊಬ್ಬರು ಐದೇ ನಿಮಿಷದಲ್ಲಿ ತೀರ್ಪು ಕೊಟ್ಟರು: "ಗೂಗಲಿನಲ್ಲಿ ಏನೂ ಇಲ್ಲ ರೀ, ಕನ್ನಡದಲ್ಲಿ ಇರುವುದೇ ಅಷ್ಟು." ಮಗಳು ಇಂಗ್ಲಿಷಿನಲ್ಲಿ ಮಾತಾಡಿದಳು. ಚಪ್ಪಾಳೆಯೂ ಬಿತ್ತು.

ಈ ತೀರ್ಪನ್ನು ನಾನು ಒಪ್ಪೆ. ಶೋಧಯಂತ್ರವೂ ನನ್ನಂಥ ಗುಮಾಸ್ತನೇ. ತೆರೆದಿಟ್ಟ ಕಡತ ಓದೀತು, ಕಟ್ಟಿಟ್ಟದ್ದು ಅದಕ್ಕೆ ಕಾಣದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನಾದ ಸಾವಿರಾರು ಕನ್ನಡ ಪುಸ್ತಕಗಳು ಇಂದು ಇಂಟರ್ನೆಟ್ ಆರ್ಕೈವ್ ತಾಣದಲ್ಲಿವೆ. ಆದರೆ ಎಷ್ಟೋ ಪುಸ್ತಕಗಳ ಪುಟಗಳು ಬರೀ ಚಿತ್ರ. ಹೆಸರು ರೋಮನ್ ಲಿಪಿಯಲ್ಲಿ, ಅದೂ ಒಬ್ಬೊಬ್ಬರು ಒಂದೊಂದು ಬಗೆ ಬರೆದದ್ದು. ಹೊರಗಿನಿಂದ ಕನ್ನಡದಲ್ಲಿ ಕೇಳಿದರೆ ಸಿಕ್ಕೀತೆ? ಆ ತಾಣದೊಳಗೇ ಹೋಗಿ, ಭಾಷೆ ಕನ್ನಡವೆಂದು ಆರಿಸಿ, 'ಕಾರಂತ'ರ ಕೊನೆಗೆ ಒಮ್ಮೆ ಎಚ್ ಅಕ್ಷರ ಸೇರಿಸಿ, ಒಮ್ಮೆ ಬಿಟ್ಟು ಹುಡುಕಬೇಕು. ತಾಳ್ಮೆ ಬೇಕು, ಅಷ್ಟೆ.

ನಾಸಿಕ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರೆಷ್ಟು? 2011ರ ಜನಗಣತಿಯ ಸಿ-16 ಕೋಷ್ಟಕ ಇಳಿಸಿಕೊಂಡು ನೋಡಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡನಾಡಿನ ಎಲ್ಲೆಯೆಂದ ಗೋದಾವರಿ ತ್ರ್ಯಂಬಕದಲ್ಲಿ ಹುಟ್ಟಿ, ನಾಸಿಕ ದಾಟಿ, ಸಂಭಾಜಿನಗರದ ಕಡೆ ಪೈಠಣ ಮುಟ್ಟುತ್ತದೆ. ಆ ಹುಡುಗಿಗೆ ಇದಕ್ಕಿಂತ ವಿಷಯ ಬೇಕಿತ್ತೆ?

ಇನ್ನು ನಮ್ಮದೇ ಪತ್ರಿಕೆ. ಹಳೆಯ ಸಂಚಿಕೆಗಳು ಸಂಘದ ಕಬ್ಬಿಣದ ಕಪಾಟಿನಲ್ಲಿವೆ. ಅವು ಯಾವ ಯಂತ್ರಕ್ಕೂ ಸಿಗುವುದಿಲ್ಲ. ನಾವು ಕೊಟ್ಟೇ ಇಲ್ಲವಲ್ಲ! ಇಬ್ಬರು ಹುಡುಗರು, ಒಂದು ಮೊಬೈಲು, ನಾಲ್ಕು ಭಾನುವಾರ ಸಾಕು. ಹಾಕುವಾಗ ಲೇಖಕರ ಹೆಸರು, ಶೀರ್ಷಿಕೆ, ವರ್ಷಗಳನ್ನು ಕನ್ನಡದಲ್ಲೇ ಬರೆಯಲಿ. ಕಪಾಟಿನ ಬೀಗದ ಕೈ ಯಾರ ಬಳಿ ಇದೆ?